ಓಡುವುದು ಬಟ್ಟೆ, ಸೂಜಿಯಲ್ಲ

"ಇದು ಕೈಕೆಲಸ ಅಲ್ಲ ಕಣಮ್ಮ, ಕಂಪ್ಯೂಟರ್ ಮಿಷನ್ನಿಂದು," ಎಂದು ನಾಗರಾಜು ಮೇಷ್ಟ್ರು, ಹಾಜಿರಾ ಬೀ ಹೊಲಿದು ತಂದಿದ್ದ ಚೀಲವನ್ನು ಮೇಜಿನ ಮೇಲೆ ಎಸೆದರು.

ಅವಳು ಮದ್ದೂರಿನಿಂದ ಮೊದಲ ಬಸ್ಸಿಗೇ ಮಂಡ್ಯಕ್ಕೆ ಬಂದಿದ್ದಳು. ಅಲ್ಲಿನ ಒಂದು ಹೊಲಿಗೆ ತರಬೇತಿ ಕೇಂದ್ರಕ್ಕೆ ಕಾಲಲ್ಲಿ ತುಳಿಯುವ ಮಿಷನ್ನಿನ ಕಸೂತಿ ಕಲಿಸುವವರು ಬೇಕಾಗಿದ್ದರು. ಬಂದ ಅರ್ಜಿ ಒಂದೇ, ಅವಳದು. ಅವಳೂ ಆಗದಿದ್ದರೆ ತರಗತಿ ರದ್ದು, ಹಿಂದಿನ ಕೋಣೆಯ ಅಂಥ ಏಳು ಮಿಷನ್ನು ಗುಜರಿಗೆ, ಆ ಜಾಗಕ್ಕೆ ಕಂಪ್ಯೂಟರ್ ಮಿಷನ್ನು. ಸಂಜೆ ನಾಲ್ಕಕ್ಕೆ ಫೈಲು ಮೇಲಿನ ಕಚೇರಿಗೆ ಹೋಗಬೇಕು.

ಒಂದು ಕಾಲಕ್ಕೆ ಮದ್ದೂರಿನ ಪೇಟೆಯಲ್ಲಿ ಈ ಕೆಲಸ ಬಲ್ಲವರು ಹನ್ನೊಂದು ಜನ. ಈಗ ಅವಳೊಬ್ಬಳೇ. ಅವಳು ಕಲಿಸಿದ ಒಬ್ಬಳೇ ಒಬ್ಬಳು ಶಿಷ್ಯೆ, ತಂಗಿಯ ಮಗಳು ಅಸ್ಫಿಯಾ, ಆರೇ ತಿಂಗಳಿಗೆ ಕೈಬಿಟ್ಟು ಗಾರ್ಮೆಂಟ್ಸ್ ಸೇರಿದ್ದಳು. ಇವತ್ತು ರಜೆ ಹಾಕಿ ಜೊತೆಗೆ ಬಂದವಳೂ ಅವಳೇ, ಅರ್ಜಿ ಬರೆದುಕೊಟ್ಟವಳೂ ಅವಳೇ. ಹಾಜಿರಾ ಬೀ ಅದರ ಕೆಳಗೆ ಹೆಬ್ಬೆಟ್ಟು ಒತ್ತಿದ್ದಳು. ಕಲಿತದ್ದೆಲ್ಲ ತನ್ನ ಜೊತೆಗೇ ಮಣ್ಣಿಗೆ ಹೋಗಿಬಿಡುತ್ತದಲ್ಲ ಎಂಬ ಸಂಕಟ ಅವಳಿಗೆ ಎರಡು ವರ್ಷದಿಂದ ಅನ್ನ ಸೇರದ ಹಾಗೆ ಮಾಡಿತ್ತು.

"ನಾನು ಸುಳ್ಳು ಯೋಳಾಕಿಲ್ಲ ಸಾರ್. ಬಟ್ಟೆ ಒತ್ತಿಡಿಯೋ ಮಿಷನ್ನಿನ ಪಾದ ಬಿಚ್ಚಾಕಿ, ರಿಂಗಿಗೆ ಬಟ್ಟೆ ಬಿಗ್ದು, ಎಲ್ಡು ಕೈಲೂ ಬಟ್ಟೆ ಓಡುಸ್ತೀನಿ. ಸೂಜಿ ನಿಂತ ಕಡೇಲೇ ಕುಣೀತದೆ. ಓಡಾದು ಬಟ್ಟೆ," ಎಂದಳು ಹಾಜಿರಾ ಬೀ.

ಕೇಂದ್ರದ ಮೇಲ್ವಿಚಾರಕಿ ಅರುಂಧತಿ ಮೇಡಂ ಚೀಲ ಎತ್ತಿಕೊಂಡು, ಅದರ ಮೇಲಿನ ಕಬ್ಬಿನ ಸೂಲಂಗಿಗಳನ್ನು ಬೆರಳಲ್ಲಿ ಸವರಿದರು. ಕಬ್ಬು ಹೂ ಬಿಟ್ಟಾಗ ತುದಿಯಲ್ಲಿ ತೂಗುವ ಆ ಬೂದು ಗರಿಗಳು ಚೀಲದ ತುಂಬ ಗಾಳಿಗೆ ವಾಲಿದ್ದವು. "ಒಂದರಂಗೆ ಇನ್ನೊಂದಿಲ್ಲ ಸಾರ್," ಎಂದರು.

"ಈಗಿನ ಕಂಪ್ಯೂಟರ್ ಅದನ್ನೂ ಮಾಡುತ್ತೆ ಮೇಡಂ," ಎಂದರು ನಾಗರಾಜು. ಮೂವತ್ತು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತರಾದವರು; ಆಯ್ಕೆ ಅವರ ಕೈಯಲ್ಲಿತ್ತು. ಕೆಟ್ಟವರಲ್ಲ, ಆದರೆ ತಾವು ಹೇಳಿದ್ದಕ್ಕೆ ಎರಡು ಮಾತಿರಬಾರದು ಎನ್ನುವ ಜಾತಿ.

ಮಾಡಿ ತೋರಿಸೋಣವೆಂದರೆ ಹಿಂದಿನ ಕೋಣೆಯ ಮಿಷನ್ನುಗಳ ಬೆಲ್ಟನ್ನೆಲ್ಲ ಇಲಿ ತಿಂದಿತ್ತು. ಮೇಷ್ಟ್ರು ಒಂದು ಹಾಳೆ, ಒಂದು ಪೆನ್ಸಿಲ್ ಮುಂದೆ ತಳ್ಳಿದರು. "ಕೈಯಲ್ಲಿ ಚಿತ್ರ ಇದ್ದೋರಿಗೆ ಮಿಷನ್ ಯಾಕೆ? ಈ ಸೂಲಂಗೀನೇ ಬರೀರಿ, ನೋಡೋಣ."

ಹಾಜಿರಾ ಬೀ ಹುಟ್ಟಿದಾರಭ್ಯ ಪೆನ್ಸಿಲ್ ಹಿಡಿದವಳಲ್ಲ. ಬೆರಳು ಬೆವೆತವು. ಗೆರೆ ಎಳೆದರೆ ಅದು ಅಡ್ಡಕ್ಕೆ ಹೋಯಿತು, ತಿದ್ದಲು ಹೋದರೆ ಇನ್ನೂ ಕೆಟ್ಟಿತು. ಹಾಳೆಯ ಮೇಲೆ ಮೂಡಿದ್ದು ಮೊಂಡು ಪೊರಕೆ. ಅಸ್ಫಿಯಾ ತಲೆ ತಗ್ಗಿಸಿದಳು.

"ಆಯ್ತಲ್ಲ," ಎಂದು ಮೇಷ್ಟ್ರು ಅರ್ಜಿಯನ್ನು ಫೈಲಿಗೆ ಸೇರಿಸಿದರು. "ಸಹಿ ಹಾಕೋಕೆ ಬರಲ್ಲ, ಗೆರೆ ಎಳೆಯೋಕೆ ಬರಲ್ಲ. ಮಕ್ಕಳಿಗೆ ಏನಂತ ಕಲಿಸ್ತೀರಿ?"

ಹೊರಗಿನ ಬೆಂಚಿನ ಮೇಲೆ ಕುಕ್ಕರಿಸಿದಾಗ ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಮೇಷ್ಟ್ರ ಮೇಲಲ್ಲ, ತನ್ನ ಕೈಯ ಮೇಲೆ. ಗೋಡೆಯ ಗಡಿಯಾರದಲ್ಲಿ ಮೂರೂ ಇಪ್ಪತ್ತಾಗಿತ್ತು.

"ನಡಿ ಖಾಲಾ, ಬಸ್ಸು ಸಿಕ್ತದೆ," ಎಂದು ಅಸ್ಫಿಯಾ ದೊಡ್ಡಮ್ಮನನ್ನು ಕರೆದಳು.

ಖಾಲಾ ಮೇಲೇಳಲಿಲ್ಲ. ಆ ಹಾಳುಗೆರೆಯ ಹಾಳೆ ಅವಳ ತೊಡೆಯ ಮೇಲಿತ್ತು. ಅಭ್ಯಾಸಬಲ ನೋಡಿ, ಎರಡು ಅಂಗೈಗಳೂ ತಾವಾಗಿಯೇ ಅದರ ಅಂಚಿಗೆ ಹೋಗಿ ಕೂತಿದ್ದವು. ಪಾದ ಇಲ್ಲದ ಪೆಡಲ್ಲನ್ನು ತುಳಿಯುತ್ತಿತ್ತು. ಹಾಳೆ ಮೆಲ್ಲಗೆ ಬಳುಕಿತು, ತಿರುಗಿತು, ಹಿಂದಕ್ಕೆ ಬಂತು. ಕೈ ಎಲ್ಲೂ ಮರೆತಿರಲಿಲ್ಲ. ಮೇಲೊಂದು ಸೂಜಿ ಇರಲಿಲ್ಲ, ಅಷ್ಟೇ.

ಅವಳು ಕೇಳದೆಯೇ ಒಳಗೆ ನುಗ್ಗಿದಳು. ಮೇಷ್ಟ್ರು ಫೈಲಿನ ದಾರ ಕಟ್ಟುತ್ತಿದ್ದರು.

"ಸಾರ್, ಪೆನ್ಸಿಲ್ ನೀವು ಇಡ್ಕಳಿ. ನೆಟ್ಟಗೆ. ಅಳ್ಳಾಡಿಸಬ್ಯಾಡಿ."

"ಏನಮ್ಮಾ ಇದು?"

"ಅಸ್ಫಿಯಾ ಇಡುದ್ರೆ ಅವಳೇ ಬರುದ್ಲು ಅಂತೀರಿ. ನೀವೇ ಇಡ್ಕಳಿ."

ಅರುಂಧತಿ ಮೇಡಂ ಹೊಸ ಹಾಳೆ ಇಟ್ಟರು. ಮೇಷ್ಟ್ರು ಮುಖ ಗಂಟಿಕ್ಕಿಕೊಂಡೇ ಪೆನ್ಸಿಲ್ಲನ್ನು ಹಾಳೆಯ ಮೇಲೆ ನೆಟ್ಟಗೆ ನಿಲ್ಲಿಸಿದರು. ತನ್ನ ಮೂವತ್ತೈದು ವರ್ಷದ ಕಸುಬು ಈಗ ತನ್ನನ್ನು ನಂಬದವನ ಎರಡು ಬೆರಳಿನಲ್ಲಿದೆ ಎಂದುಕೊಂಡಳು ಹಾಜಿರಾ ಬೀ. ಅಂಗೈ ಊರಿದಳು. ಮೇಜಿನ ಕೆಳಗೆ ಪಾದ ತುಳಿಯಿತು.

ಹಾಳೆ ಓಡಿತು. ನಿಂತ ಪೆನ್ಸಿಲ್ಲಿನ ಕೆಳಗಿಂದ ಕಬ್ಬಿನ ಜಲ್ಲೆಯೊಂದು ಗಿಣ್ಣು ಗಿಣ್ಣಾಗಿ ಮೇಲೆದ್ದಿತು. "ಎತ್ತಿ ಸಾರ್... ಇಳಿಸಿ," ಎಂದಳು. ಮೇಷ್ಟ್ರು ಎತ್ತಿ ಇಳಿಸಿದರು. ಸೂಲಂಗಿಯ ಮೊದಲ ಗರಿ ಬಂತು, ಎರಡನೆಯದು ಬಂತು. ಅಷ್ಟರಲ್ಲಿ ಮೇಷ್ಟ್ರ ತೋಳು ಸೋತು ಪೆನ್ಸಿಲ್ ಜಾರಿ, ಉದ್ದನೆಯ ಗೆರೆಯೊಂದು ಚಿತ್ರದಾಚೆಗೆ ಹರಿದುಹೋಯಿತು. ಅಸ್ಫಿಯಾ "ಅಯ್ಯೋ" ಎಂದಳು.

"ಸೂಜಿ ಅಳ್ಳಾಡಬಾರದು ಸಾರ್," ಎಂದಳು ಹಾಜಿರಾ ಬೀ, ಮನೆಯಲ್ಲಿ ಶಿಷ್ಯೆಗೆ ಗದರುತ್ತಿದ್ದ ಅದೇ ದನಿಯಲ್ಲಿ. ಹಾಳೆಯನ್ನು ಅರ್ಧಸುತ್ತು ತಿರುಗಿಸಿ, ಕೆಟ್ಟ ಗೆರೆಯ ಪಕ್ಕಕ್ಕೆ ಇನ್ನೊಂದು ಗೆರೆ ತಂದು ಕೂಡಿಸಿದಳು. ಅದು ಗಾಳಿಗೆ ಬಾಗಿದ ಕಬ್ಬಿನ ಎಲೆಯಾಯಿತು.

ಮೇಷ್ಟ್ರು ಎಡಗೈಯಿಂದ ಬಲಗೈ ಮಣಿಕಟ್ಟು ಒತ್ತಿ ಹಿಡಿದು, ಉಸಿರು ಕಟ್ಟಿ ಕೂತಿದ್ದರು. ಕೊನೆಯ ಗರಿ ಮುಗಿದಾಗ ಚೀಲವನ್ನು ಹಾಳೆಯ ಪಕ್ಕಕ್ಕೆ ಎಳೆದುಕೊಂಡರು. ಅದೇ ವಾಲು, ಅದೇ ತೂಗು.

"ನನ್ನ ಕೈಯಲ್ಲೇ ಬಂತು. ನಾನು ಬರೀಲಿಲ್ಲ," ಎಂದರು. ದಾರ ಬಿಚ್ಚಿ ಅರ್ಜಿಯನ್ನು ಹೊರತೆಗೆದು, 'ಆಯ್ಕೆ' ಎಂದು ಬರೆದು ರುಜು ಹಾಕಿದರು.

ಅರುಂಧತಿ ಮೇಡಂ ಹಾಜರಿ ಪುಸ್ತಕವನ್ನೂ ಇಂಕಿನ ಪ್ಯಾಡನ್ನೂ ಮುಂದಿಟ್ಟರು. ಹಾಜಿರಾ ಬೀ ರೂಢಿಯಂತೆ ಹೆಬ್ಬೆಟ್ಟು ಚಾಚಿದಳು.

ಮೇಷ್ಟ್ರು ಪ್ಯಾಡಿನ ಮುಚ್ಚಳ ಮುಚ್ಚಿದರು. ಜೇಬಿನ ಪೆನ್ನು ತೆಗೆದು, ಸಹಿಯ ಗೆರೆಯ ಮೇಲೆ ನೆಟ್ಟಗೆ ನಿಲ್ಲಿಸಿದರು. "ಹಿಡ್ಕೊಂಡಿದೀನಿ. ಹೆಸರು ಬರೀರಮ್ಮ."

ಯಾರೋ ಬರೆದುಕೊಟ್ಟ ಚೀಟಿ ನೋಡಿಕೊಂಡು ಎಷ್ಟು ಮದುಮಕ್ಕಳ, ಎಷ್ಟು ಕೂಸುಗಳ ಹೆಸರನ್ನು ಅವಳು ಚೀಲಗಳ ಮೇಲೆ ಹೊಲಿದಿರಲಿಲ್ಲ! ತನ್ನದನ್ನು ಹೊಲಿಯೆಂದು ಯಾರೂ ಕೇಳಿರಲಿಲ್ಲ. ಅರ್ಜಿಯ ಮೇಲೆ ಅಸ್ಫಿಯಾ ಬರೆದಿದ್ದ ತನ್ನ ಹೆಸರನ್ನು ದಿಟ್ಟಿಸಿ, ಪುಸ್ತಕದ ಮೇಲೆ ಎರಡು ಅಂಗೈ ಊರಿದಳು. ಹಾ, ಜಿ, ರಾ, ಮೂರು ಅಕ್ಷರ ಮುಗಿದವು. ಆಯಿತೆಂದುಕೊಂಡು ಮೇಷ್ಟ್ರು ಪೆನ್ನು ಎತ್ತಿದರು.

"ಇನ್ನೂ ಒಂದದೆ ಸಾರ್," ಎಂದಳು ಹಾಜಿರಾ ಬೀ. "ಇಳಿಸಿ."