ಎರಡು ಅಂಗಡಿ ಆಚೆ ನಿಂತುಹೋದ ಕೆಲಸ

ಮಳೆ ಬಂದರೆ ಆ ಬೀದಿಯಲ್ಲಿ ನೀರು ಮೊದಲು ನುಗ್ಗುತ್ತಿದ್ದದ್ದು ಇಸ್ತ್ರಿ ಅಂಗಡಿಗೆ. ಅಂಗಡಿ ರಸ್ತೆಗಿಂತ ಒಂದು ಮೆಟ್ಟಿಲು ಕೆಳಗಿತ್ತು. ಬಾಗಿಲ ಮುಂದೆಯೇ ಚರಂಡಿ. ಚರಂಡಿ ತುಂಬಿತೆಂದರೆ ಅದರೊಳಗಿದ್ದದ್ದೆಲ್ಲ ನೆಟ್ಟಗೆ ಒಳಗೆ ಬಂದು ಮೇಜಿನ ಕಾಲು ಸುತ್ತಿಕೊಳ್ಳುತ್ತಿತ್ತು. ಇಸ್ತ್ರಿಯವನು ಬಟ್ಟೆ ಗಂಟುಗಳನ್ನು ಮೇಲಿನ ಹಲಗೆಗೆ ಏರಿಸಿ, ಪ್ಯಾಂಟು ಮಡಚಿಕೊಂಡು, ಬಕೆಟ್ಟಿನಲ್ಲಿ ನೀರು ಎತ್ತಿ ಹಾಕುತ್ತ ನಗರಸಭೆಯನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದ. ಬೈದು ಮುಗಿಯುವ ಹೊತ್ತಿಗೆ ಮಳೆಗಾಲವೂ ಮುಗಿಯುತ್ತಿತ್ತು. ಮುಂದಿನ ವರ್ಷ ಮತ್ತೆ ಅದೇ ನೀರು, ಅದೇ ಬೈಗುಳ.

ಬೀದಿಯವರು ಅವನನ್ನು ಗಂಜಿಯಣ್ಣ ಎನ್ನುತ್ತಿದ್ದರು. ಅವನು ಗಂಜಿ ಹಾಕಿ ಇಸ್ತ್ರಿ ಮಾಡಿದ ಅಂಗಿ, ತೊಡುವವರಿಲ್ಲದಿದ್ದರೂ ತಾನಾಗಿಯೇ ಎದ್ದು ನಿಲ್ಲುತ್ತದೆ ಎಂದು ತಮಾಷೆ ಮಾಡುತ್ತಿದ್ದರು. ಕೆಲಸದಲ್ಲಿ ಅವನಿಗೆ ಸಾಟಿ ಇರಲಿಲ್ಲ. ಅವನಿಗಿದ್ದ ಸಂಕಟ ಒಂದೇ. ಅದು ನಾಲ್ಕು ಅಂಗಡಿ ಕೆಳಗೆ, ಇಳಿಜಾರಿನ ತುದಿಯಲ್ಲಿ, ಸೈಕಲ್ ರಿಪೇರಿ ಮಾಡುತ್ತ ಕೂತಿತ್ತು. ಸೈಕಲ್ಲಿನವನು ಅವನ ಹೆಂಡತಿಯ ತಮ್ಮ.

ಭಾಮೈದನನ್ನು ಆ ಬೀದಿಗೆ ಕರೆತಂದವನೇ ಗಂಜಿಯಣ್ಣ. ಅಂಗಡಿ ಹುಡುಕಿಕೊಟ್ಟವನೂ ಅವನೇ. ತಗ್ಗಿನ ತುದಿ ಅವನಿಗಿರಲಿ, ಎತ್ತರದ ಜಾಗ ನನಗಿರಲಿ ಎಂದು ಒಳಗೊಳಗೇ ಲೆಕ್ಕ ಹಾಕಿದ್ದ. ಆದರೆ ಭಾಮೈದ ಬಾಗಿಲಿಗೆ ಇಟ್ಟಿಗೆ ಕಟ್ಟಿಸಿ ಹೊಸ್ತಿಲು ಎತ್ತರಿಸಿಕೊಂಡ. ಆಮೇಲೆ ಎಲ್ಲವೂ ಅವನಿಗೇ ಆಗತೊಡಗಿತು. ಅವನ ಮುಂದಿನ ಬೀದಿದೀಪ ಕೆಟ್ಟರೆ ಮೂರೇ ದಿನದಲ್ಲಿ ಸರಿಹೋಗುತ್ತಿತ್ತು. ಅವನ ಅಂಗಡಿಯ ಮೇಲೆ ಬಾಗಿದ್ದ ಒಣಕೊಂಬೆಯನ್ನು ಗಾಳಿ ಏಳುವ ಮೊದಲೇ ಬಂದು ಕಡಿದುಹೋದರು. ಬೇಸಿಗೆಯಲ್ಲಿ ನೀರಿನ ಲಾರಿ ಯಾವ ಹೊತ್ತಿಗೆ ಬರುತ್ತದೆಂಬುದು ಅವನಿಗೆ ಗೊತ್ತಿರುತ್ತಿತ್ತು. ಗಂಜಿಯಣ್ಣನಿಗೆ ಗೊತ್ತಾಗುವಷ್ಟರಲ್ಲಿ ಲಾರಿ ಮೂಲೆ ತಿರುಗಿರುತ್ತಿತ್ತು.

"ಅವನು ಒಂದು ಫೋನ್ ಮಾಡ್ದ, ಬಂದು ಮಾಡ್ಕೊಟ್ರು. ನೀವೂ ಮಾಡಿ ಅಂದ್ರೆ ಕೇಳಲ್ಲ" ಎಂದಳು ಹೆಂಡತಿ, ಅಂಗಿಗಳಿಗೆ ಗುಂಡಿ ಹಾಕುತ್ತ.

"ಫೋನ್ ಮಾಡಿದ ತಕ್ಷಣ ಓಡಿ ಬರೋಕೆ ಅವರೇನು ನಮ್ಮ ನೆಂಟರಾ? ನಿನ್ನ ತಮ್ಮನಿಗೆ ಒಳಗೆ ಯಾರೋ ಇದ್ದಾರೆ."

"ಯಾರಿದ್ದಾರೆ?"

"ಅದನ್ನ ಹೇಳ್ತಾನಾ ಅವನು?"

ಅವಳು ಮುಂದಿನ ಅಂಗಿ ಎತ್ತಿಕೊಂಡಳು. ಹೆಂಡತಿ ತಮ್ಮನನ್ನು ಹೊಗಳಿದರೆ ಗಂಜಿಯಣ್ಣನಿಗೆ ಹೊಟ್ಟೆ ಉರಿಯುತ್ತಿತ್ತು. ಅವಳು ಸುಮ್ಮನಾದರೆ ಇನ್ನೂ ಉರಿಯುತ್ತಿತ್ತು. ಮನಸ್ಸಿನಲ್ಲಿ ಹೊಗಳುತ್ತಿದ್ದಾಳೆ ಎಂದು ಅವನಿಗನಿಸುತ್ತಿತ್ತು.

ಬೇಸಿಗೆಯ ಕೊನೆಗೆ ಭಾಮೈದ ಒಂದು ಕಾಗದ ಹಿಡಿದು ಬಂದ. ಕೈಯೆಲ್ಲ ಗ್ರೀಸ್.

"ಭಾವ, ಮಳೆಗಾಲಕ್ಕೆ ಮುಂಚೆ ಯಾವ್ಯಾವ ಚರಂಡಿ ಹೂಳೆತ್ತಬೇಕು ಅಂತ ನಗರಸಭೆಯವರು ಪಟ್ಟಿ ಹಾಕಿದ್ದಾರೆ. ನಮ್ಮ ಬೀದಿನೂ ಇದೆ. ಒಂದು ಸಲ ಓದಿ ನೋಡಿ."

"ಅಲ್ಲಿಡು. ಆ ಕೈಯಲ್ಲಿ ಬಟ್ಟೆ ಮುಟ್ಟಬೇಡ."

ಭಾಮೈದ ಕಾಗದ ಇಟ್ಟು ಹೋದ. ಗಂಜಿಯಣ್ಣ ಅದನ್ನು ಓದಲಿಲ್ಲ. ಅವನ ಕೈಯಿಂದ ಬಂದ ಕಾಗದ ಓದಿದರೆ ತಾನು ಒಂದು ಮೆಟ್ಟಿಲು ಇಳಿದಂತೆ ಎಂದು ಅವನ ಭಾವನೆ.

ಒಂದು ಸೋಮವಾರ ನಾಲ್ಕು ಜನ ಕೆಲಸಗಾರರು ಸಲಿಕೆ, ಹಾರೆ, ತಳ್ಳುಗಾಡಿ ತಂದರು. ಅವರ ಮೇಸ್ತ್ರಿ ಐವತ್ತು ದಾಟಿದ ಹೆಂಗಸು. ನೀಲಿ ಸಮವಸ್ತ್ರದ ಅಂಗಿ, ತಲೆಗೆ ಬಿಗಿದ ಬಟ್ಟೆ, ಬೀದಿಯ ಆ ತುದಿಯಿಂದ ಈ ತುದಿಗೆ ಕೇಳಿಸುವ ದನಿ. ಅವಳು ಬೀದಿಯನ್ನು ಒಮ್ಮೆ ಮೇಲಿನಿಂದ ಕೆಳಗೆ ನಡೆದು ನೋಡಿ, ಕೆಳಗಿನ ತುದಿಯಲ್ಲಿ ನಿಂತು, "ಇಲ್ಲಿಂದ ಎತ್ತಿ" ಎಂದಳು. ಸೈಕಲ್ ಅಂಗಡಿಯ ಮುಂದಿನ ಚಪ್ಪಡಿ ಎದ್ದಿತು.

ಗಂಜಿಯಣ್ಣ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು ನೋಡಿದ. ಪ್ರತಿ ವರ್ಷ ಮುಳುಗುವುದು ನನ್ನ ಅಂಗಡಿ. ಕೆಲಸ ಶುರುವಾಗುವುದು ಅವನ ಬಾಗಿಲಲ್ಲಿ. ಹತ್ತು ಗಂಟೆಗೆ ಭಾಮೈದ ಕೆಲಸಗಾರರಿಗೆಲ್ಲ ಟೀ ತರಿಸಿದ. ಮೇಸ್ತ್ರಿ ಅವನ ಸ್ಟೂಲಿನ ಮೇಲೆ ಕೂತು, ಅವನು ಹೇಳಿದ ಯಾವುದೋ ಮಾತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗು ನಾಲ್ಕು ಅಂಗಡಿ ದಾಟಿ ಬಂತು. 'ಒಳಗೆ ಯಾರೋ' ಎಂದರೆ ಇವಳೇ ಎಂದು ಗಂಜಿಯಣ್ಣ ಆ ಕ್ಷಣವೇ ತೀರ್ಮಾನಿಸಿದ.

ಮಂಗಳವಾರ ಕನ್ನಡಕದ ಅಂಗಡಿಯ ಮುಂದೆ ಹೂಳೆತ್ತಿದರು. ಆಮೇಲೆ ಉಳಿದದ್ದು ಗಡಿಯಾರದ ಅಂಗಡಿ, ಕ್ಷೌರದ ಅಂಗಡಿ, ಅದಾದ ಮೇಲೆ ಅವನದೇ. ಆದರೆ ಗಂಜಿಯಣ್ಣನಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು. ಆವತ್ತು ಮಧ್ಯಾಹ್ನ ಹೆಂಡತಿ ಮಲಗಿದ್ದಾಗ ಒಂದು ಹಾಳೆ ತೆಗೆದುಕೊಂಡು ಬರೆದ. ಸೈಕಲ್ ಅಂಗಡಿಯವನು ಮೇಸ್ತ್ರಿಯ ಕೈ ಬೆಚ್ಚಗೆ ಮಾಡಿ ತನ್ನ ಕಡೆ ಮೊದಲು ಕೆಲಸ ಮಾಡಿಸಿಕೊಂಡಿದ್ದಾನೆ, ವಿಚಾರಣೆ ಆಗಲಿ. ಕೆಳಗೆ ಹೆಸರು ಹಾಕಲಿಲ್ಲ. ನಗರಸಭೆ ಕಚೇರಿಯ ದೂರು ಪೆಟ್ಟಿಗೆಗೆ ಹಾಕಿ ಬಂದು, ಶಿಳ್ಳೆ ಹಾಕುತ್ತ ಹನ್ನೆರಡು ಅಂಗಿ ಇಸ್ತ್ರಿ ಮಾಡಿದ. ಎಷ್ಟೋ ದಿನದ ಮೇಲೆ ಎದೆ ಹಗುರಾಗಿತ್ತು.

ಬುಧವಾರ ಕೆಲಸಗಾರರು ಬರಲಿಲ್ಲ. ಗುರುವಾರವೂ ಬರಲಿಲ್ಲ. ಎತ್ತಿದ ಹೂಳು ಕನ್ನಡಕದ ಅಂಗಡಿಯ ಪಕ್ಕ ರಾಶಿಯಾಗಿ ಒಣಗುತ್ತಿತ್ತು.

"ಇನ್ನೆರಡು ಅಂಗಡಿ ಆಗಿದ್ರೆ ನಮ್ಮದೇ ಬರ್ತಿತ್ತು. ಯಾಕೆ ನಿಂತಿತೋ" ಎಂದಳು ಹೆಂಡತಿ.

ಗಂಜಿಯಣ್ಣ ಕಾಲರಿನ ಮೇಲೆ ಇಸ್ತ್ರಿ ಒತ್ತುತ್ತಿದ್ದ. ಒತ್ತುತ್ತಲೇ ಇದ್ದ. ಸುಟ್ಟ ವಾಸನೆ ಬಂದಾಗಲೇ ಎತ್ತಿದ್ದು.

ಮುಂದಿನ ಬುಧವಾರ ಅಂಗಡಿಗೆ ಮೇಸ್ತ್ರಿಯೇ ಬಂದಳು. ಕೈಯಲ್ಲಿ ಒಗೆದ ನೀಲಿ ಅಂಗಿ.

"ಗಂಜಿ ಹಾಕಿ ಚೆನ್ನಾಗಿ ಇಸ್ತ್ರಿ ಮಾಡಿಕೊಡಿ. ನಾಳೆ ಬೆಳಗ್ಗೆ ಬೇಕು."

"ಏನಾದ್ರೂ ವಿಶೇಷನಾ?" ಗಂಜಿಯಣ್ಣ ಕೇಳಿದ.

"ವಿಚಾರಣೆ ಇದೆ. ನಾನು ಲಂಚ ತಗೊಂಡೆ ಅಂತ ಯಾರೋ ಬರೆದಿದ್ದಾರೆ. ವಿಷಯ ಇತ್ಯರ್ಥ ಆಗೋತನಕ ನನ್ನನ್ನೂ ನನ್ನ ಜನರನ್ನೂ ಮನೇಲಿ ಕೂರಿಸಿದ್ದಾರೆ. ಇಪ್ಪತ್ತೆರಡು ವರ್ಷದಲ್ಲಿ ಇದು ಮೊದಲನೇ ಸಲ. ಅಲ್ಲಿ ಹೋಗಿ ನಿಲ್ಲೋವಾಗ ಬಟ್ಟೆಯಾದ್ರೂ ಸರಿಯಾಗಿರಲಿ ಅಂತ."

ಗಂಜಿಯಣ್ಣ ಅಂಗಿಯನ್ನು ಮೇಜಿನ ಮೇಲೆ ಹರಡಿದ. ತೋಳಿನ ಹೊಲಿಗೆ ಎರಡು ಕಡೆ ಬಿಟ್ಟಿತ್ತು, ಮೇಸ್ತ್ರಿ ತಾನೇ ಬೇರೆ ಬಣ್ಣದ ದಾರದಲ್ಲಿ ಹೊಲಿದುಕೊಂಡಿದ್ದಳು. ಅವನು ತಲೆಯೆತ್ತದೆ ಕೇಳಿದ:

"ಆದ್ರೂ... ಕೆಳಗಿನ ತುದಿಯಿಂದಲೇ ಯಾಕೆ ಶುರು ಮಾಡಿದ್ರಿ? ನೀರು ನಿಲ್ಲೋದು ಇಲ್ಲಿ ತಾನೇ?"

"ಇಲ್ಲಿ ನಿಲ್ಲುತ್ತೆ ಅಂತಲೇ ಅಲ್ಲಿಂದ ಶುರು ಮಾಡಿದ್ದು. ನೀರು ಹೋಗೋದು ಯಾವ ಕಡೆಗೆ? ಕೆಳಗೆ. ಮೊದಲು ನಿಮ್ಮ ಮುಂದೆ ಎತ್ತಿದ್ರೆ ಇಲ್ಲಿಯ ಕೊಳೆಯೆಲ್ಲ ಹರಿದುಹೋಗಿ ಕೆಳಗೆ ಕೂರುತ್ತೆ. ಕೆಳಗೆ ಕಟ್ಟಿಕೊಂಡಿದ್ರೆ ಮೇಲಿನದು ತೆಗೆದು ಏನು ಬಂತು? ಯಾವ ಊರಿಗೆ ಹೋದ್ರೂ ಹೂಳು ಎತ್ತೋದು ತಗ್ಗಿನ ಕಡೆಯಿಂದಲೇ."

ಅವಳು ಬಿಸಿಲಿನ ಕಡೆ ನೋಡಿದಳು. "ಕೇಳಿದ್ರೆ ಹೇಳ್ತಿದ್ದೆ. ಯಾರೂ ಕೇಳಲಿಲ್ಲ."

ಅವಳು ಹೋದ ಮೇಲೆ ಗಂಜಿಯಣ್ಣ ಆ ಅಂಗಿಯನ್ನು ಒಂದು ಗಂಟೆ ಇಸ್ತ್ರಿ ಮಾಡಿದ. ಅದು ಐದು ನಿಮಿಷದ ಕೆಲಸ.

ಮಧ್ಯಾಹ್ನ ಮೂರಕ್ಕೆ ಮೋಡ ಕಟ್ಟಿತು. ಮೂರೂವರೆಗೆ ವರ್ಷದ ಮೊದಲ ಮಳೆ ಹಿಡಿಯಿತು. ನೀರು ಗಡಿಯಾರದ ಅಂಗಡಿಯ ಮುಂದಿನ ಹೂಳಿಗೆ ತಡೆದು, ಹಿಂದಕ್ಕೆ ತಿರುಗಿ, ಕ್ಷೌರದ ಅಂಗಡಿಯ ಬಾಗಿಲು ತೋಯಿಸಿ, ಗಂಜಿಯಣ್ಣನ ಮೆಟ್ಟಿಲು ಇಳಿಯಿತು. ಆಸ್ಪತ್ರೆಯ ದಾದಿಯರ ಬಿಳಿ ಕೋಟುಗಳ ಗಂಟು ನೆಲದ ಮೇಲಿತ್ತು. ಅವನು ನೀಲಿ ಅಂಗಿಯನ್ನು ಮೊದಲು ಎತ್ತಿ ಮೊಳೆಗೆ ತಗುಲಿಸಿದ. ಅಷ್ಟರಲ್ಲಿ ಬಿಳಿ ಗಂಟು ಕಪ್ಪಾಗಿತ್ತು.

ಭಾಮೈದ ಅಂಗಡಿ ಹಾಗೇ ಬಿಟ್ಟು ಓಡಿಬಂದ. "ಭಾವ, ನೀವು ಮೇಲಿಂದ ಕೊಡಿ, ನಾನು ಹೊರಗೆ ಸಾಗಿಸ್ತೀನಿ" ಎನ್ನುತ್ತ ಮೊಣಕಾಲುದ್ದದ ನೀರಿಗಿಳಿದ. ಅವನ ಕಾಲಲ್ಲಿ ಹೊಸ ರಬ್ಬರ್ ಬೂಟುಗಳಿದ್ದವು. ಆ ಹೊತ್ತಿನಲ್ಲೂ ಗಂಜಿಯಣ್ಣನ ಕಣ್ಣು ಆ ಬೂಟಿನ ಮೇಲೆ ಹೋಯಿತು. ಇದೂ ಇವನ ಹತ್ತಿರ ಇದೆಯಲ್ಲ ಎಂದುಕೊಂಡ. ಮರುಕ್ಷಣ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಮಳೆ ನಿಂತ ಮೇಲೆ ಹೆಂಡತಿಯೂ ಬಂದು ಸೇರಿ, ಮೂವರೂ ಒದ್ದೆ ಬೆಂಚಿನ ಮೇಲೆ ಕೂತರು. ಹೆಂಡತಿ ಕೋಟುಗಳನ್ನು ಒಂದೊಂದಾಗಿ ಹಿಂಡುತ್ತಿದ್ದಳು. ಭಾಮೈದ ಹೇಳಿದ:

"ನಾಳೆ ಆ ವಿಚಾರಣೆಗೆ ನನ್ನನ್ನೂ ಕರೆದಿದ್ದಾರೆ. ಮೇಸ್ತ್ರಿ ಪರವಾಗಿ ಮಾತಾಡೋಕೆ ಹೋಗ್ತೀನಿ ಭಾವ. ನೀವೂ ಬನ್ನಿ. ನೀವು ಈ ಬೀದಿಗೆ ಹಿರಿಯರು, ನಿಮ್ಮ ಮಾತಿಗೆ ತೂಕ ಇರುತ್ತೆ."

ಗಂಜಿಯಣ್ಣ ಹೂಂ ಎಂದ.

ಮರುದಿನ ಕಚೇರಿಯಲ್ಲಿ ಅಧಿಕಾರಿ ದೂರುಗಳ ಪುಸ್ತಕ ತೆಗೆದರು. "ಲಂಚ ಕೊಟ್ಟು ಕೆಲಸ ಮಾಡಿಸಿಕೊಂಡಿದ್ದಾರೆ ಅಂತ ಪತ್ರದಲ್ಲಿ ಬರೆದಿದ್ದಾರೆ. ಈ ಬೀದಿ ಪಟ್ಟಿಗೆ ಸೇರಿದ್ದು ಒಂದು ದೂರಿನಿಂದ. ಇಲ್ಲಿದೆ ನೋಡಿ, ಎರಡು ತಿಂಗಳ ಹಿಂದಿನ ದೂರು. ಎಲ್ಲರಿಗೂ ಇರೋ ಸಹಾಯವಾಣಿಗೆ ಬಂದದ್ದು." ಅವರು ಓದಿದರು: "'ನಮ್ಮ ಬೀದಿಯ ಚರಂಡಿ ಪೂರ್ತಿ ಹೂಳು ತುಂಬಿದೆ. ನನ್ನ ಅಂಗಡಿಗೆ ತೊಂದರೆ ಇಲ್ಲ. ಮೇಲಿರುವ ಇಸ್ತ್ರಿ ಅಂಗಡಿಗೆ ಪ್ರತಿ ವರ್ಷ ನೀರು ನುಗ್ಗುತ್ತದೆ. ಮಳೆಗೆ ಮುಂಚೆ ದಯವಿಟ್ಟು ಮಾಡಿಸಿಕೊಡಿ.'"

ಕೆಳಗೆ ಸೈಕಲ್ ಅಂಗಡಿಯವನ ಹೆಸರಿತ್ತು.

ಗಂಜಿಯಣ್ಣ ಎದ್ದು ನಿಂತ. ಕೂತೇ ಹೇಳಬಹುದಿತ್ತು, ಆದರೆ ಕೂರಲಾಗಲಿಲ್ಲ.

"ಆ ಪತ್ರ ಬರೆದವನು ನಾನೇ. ಇವರು ಏನೂ ತಗೊಂಡಿಲ್ಲ. ಅವನು ಏನೂ ಕೊಟ್ಟಿಲ್ಲ, ಒಂದು ಟೀ ಬಿಟ್ಟು. ನನಗೆ ಹೊಟ್ಟೆಕಿಚ್ಚು. ಅಷ್ಟೇ."

ಭಾಮೈದ ತನ್ನ ಕುರ್ಚಿಯನ್ನು ಸ್ವಲ್ಪ ದೂರ ಎಳೆದುಕೊಂಡ. ಮೇಸ್ತ್ರಿ ಅಂಗಿಯ ಗರಿಗರಿಯಾದ ತೋಳನ್ನು ಸವರಿಕೊಳ್ಳುತ್ತ ಹೇಳಿದಳು:

"ಹೆಸರು ಹಾಕಿದ್ರೆ ಅವತ್ತೇ ನಿಮ್ಮನ್ನ ಕರೆದು ಕೇಳ್ತಿದ್ರು. ಒಂದು ಗಂಟೇಲಿ ಮುಗೀತಿತ್ತು. ಹೆಸರಿಲ್ಲದ್ದಕ್ಕೆ ಒಂಬತ್ತು ದಿನ ಆಯ್ತು. ಆ ಒಂಬತ್ತು ದಿನದಲ್ಲಿ ಇನ್ನೂ ಮೂರು ಬೀದಿ ನಮಗೋಸ್ಕರ ಕಾಯ್ತಿದ್ವು."

"ತಪ್ಪಾಯ್ತು ತಾಯಿ" ಎಂದ ಗಂಜಿಯಣ್ಣ.

"ತಪ್ಪು ಕಂಡ್ರೆ ದೂರು ಕೊಡಲೇಬೇಕು. ನಾನು ಬೇಡ ಅನ್ನಲ್ಲ. ಕಂಡದ್ದನ್ನ ಬರೀಬೇಕು, ಅಂದುಕೊಂಡದ್ದನ್ನಲ್ಲ."

ಹೊರಗೆ ಬಂದ ಮೇಲೆ ಅವಳೇ ಅವನನ್ನು ಗೋಡೆಯ ಫಲಕದ ಮುಂದೆ ನಿಲ್ಲಿಸಿದಳು. ಯಾವ ವಾರ ಯಾವ ಬೀದಿಯ ಹೂಳು, ಯಾವ ದಿನ ಕೊಂಬೆ ಕಡಿಯುವುದು, ನೀರಿನ ಕೊಳವೆ ತೊಳೆಯುವ ದಿನ ಯಾವುದು, ಕಸದ ಗಾಡಿಯ ಮಳೆಗಾಲದ ಸಮಯ ಏನು, ಎಲ್ಲವನ್ನೂ ದೊಡ್ಡಕ್ಷರದಲ್ಲಿ ಅಂಟಿಸಿದ್ದರು. ಬಾಗಿಲಿನ ಪಕ್ಕದಲ್ಲೇ ಇತ್ತು. ಪತ್ರ ಹಾಕಲು ಬಂದ ದಿನ ಗಂಜಿಯಣ್ಣ ಅದರ ಮುಂದೆಯೇ ಹಾದುಹೋಗಿದ್ದ.

ಶುಕ್ರವಾರ ಸಲಿಕೆಗಳು ಮರಳಿ ಬಂದವು. ಭಾನುವಾರದ ಹೊತ್ತಿಗೆ ಇಸ್ತ್ರಿ ಅಂಗಡಿಯ ಮುಂದಿನ ಚಪ್ಪಡಿ ಎದ್ದು, ಹೂಳು ಹೋಗಿ, ತಳದ ಸಿಮೆಂಟು ಕಾಣಿಸಿತು. ಅದರ ಮರುವಾರ ಜೋರು ಮಳೆ. ಗಂಜಿಯಣ್ಣ ಬಾಗಿಲಲ್ಲಿ ನಿಂತು ನೋಡಿದ. ನೀರು ಒಳಗೆ ತಿರುಗದೆ ಇಳಿಜಾರಿನಲ್ಲಿ ಸರಸರನೆ ಹೋಯಿತು.

ಭಾಮೈದ ಮಾತ್ರ ಒಂದು ತಿಂಗಳು ಅವನ ಮುಖ ನೋಡಲಿಲ್ಲ. ಹೆಂಡತಿಯೂ ಬೇಕಾದಷ್ಟೇ ಮಾತಾಡಿದಳು. ಗಂಜಿಯಣ್ಣ ಯಾರನ್ನೂ ಬೈಯಲಿಲ್ಲ. ಪ್ರತಿ ಸೋಮವಾರ ಬೆಳಗ್ಗೆ ಅಂಗಡಿ ತೆರೆಯುವ ಮೊದಲು ಕಚೇರಿಯ ಫಲಕದ ಕಡೆ ಒಂದು ಸುತ್ತು ಹೋಗಿ, ಬೇಕಾದದ್ದನ್ನು ಬರೆದುಕೊಂಡು ಬಂದು, ಅಕ್ಕಪಕ್ಕದ ಅಂಗಡಿಗಳಿಗೆಲ್ಲ ಹೇಳತೊಡಗಿದ. ಒಂದು ಸೋಮವಾರ ಧೈರ್ಯ ಮಾಡಿ ಸೈಕಲ್ ಅಂಗಡಿಯವರೆಗೂ ನಡೆದ.

"ಬರೋ ಗುರುವಾರ ಸಂಜೆ ಆರಕ್ಕೆ ನಮ್ಮ ಬೀದಿಗೆ ಸೊಳ್ಳೆ ಹೊಗೆ ಬಿಡ್ತಾರೆ. ಕಿಟಕಿ ಬಾಗಿಲು ತೆಗೆದಿಡಬೇಕಂತೆ, ತಿನ್ನೋ ಕುಡಿಯೋ ಪದಾರ್ಥ ಮುಚ್ಚಿಡಬೇಕಂತೆ. ನಿನಗೆ ಗೊತ್ತಿರಬೇಕು."

ಭಾಮೈದ ಚಕ್ರ ತಿರುಗಿಸುವುದನ್ನು ನಿಲ್ಲಿಸಿದ. ಅವನಿಗೆ ಗೊತ್ತಿರಲಿಲ್ಲ.

"ನನಗಿಂತ ಮುಂಚೆ ನಿಮಗೆ ಹೇಗೆ ಗೊತ್ತಾಯ್ತು?" ಅವನ ದನಿಯಲ್ಲಿ ಒಂದು ಚೂರು ಹುಳಿ ಇತ್ತು.

ಗಂಜಿಯಣ್ಣನಿಗೆ ಆ ದನಿಯ ಗುರುತು ಚೆನ್ನಾಗಿಯೇ ಸಿಕ್ಕಿತು. ನಗು ತಡೆದುಕೊಂಡು ಹೇಳಿದ: "ಸೋಮವಾರ ನನ್ನ ಜೊತೆ ಬಾ, ತೋರಿಸ್ತೀನಿ."

"ಕೂತ್ಕೊಳ್ಳಿ ಭಾವ" ಎಂದು ಭಾಮೈದ ಸ್ಟೂಲು ಒರೆಸಿದ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ, ಪಕ್ಕದ ಮನೆಯ ಮುಂದೆ ದೀಪ ಉರಿದು ನಿಮ್ಮ ಮುಂದೆ ಕತ್ತಲಿದ್ದರೆ ಹೊಟ್ಟೆ ಉರಿಸಿಕೊಳ್ಳಬೇಡಿ, ಹೇಗೆ ಮಾಡಿಸಿದಿರಿ ಎಂದು ಅವರನ್ನೇ ಕೇಳಿ. ನಿಮ್ಮ ಊರಿನ ಕಚೇರಿಯ ಸಹಾಯವಾಣಿಗೆ ನೀವೂ ಕರೆ ಮಾಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ, ಕೆಲಸ ಆಗದಿದ್ದರೆ ಆ ಸಂಖ್ಯೆ ಹೇಳಿ ಮತ್ತೆ ಕೇಳಿ. ಮಳೆಗೆ ಮೊದಲೊಮ್ಮೆ, ಬೇಸಿಗೆಗೆ ಮೊದಲೊಮ್ಮೆ ಅಲ್ಲಿ ಹಾಕುವ ಪ್ರಕಟಣೆ ಓದಿ, ಓದಲು ಬಾರದವರಿಗೆ ಓದಿ ಹೇಳಿ. ಅನ್ಯಾಯ ಕಂಡರೆ ನಿಮ್ಮ ಹೆಸರು ಹಾಕಿಯೇ ದೂರು ಕೊಡಿ. ನಿಮ್ಮ ಬೀದಿಯ ಚರಂಡಿ ಈಗ ಹೇಗಿದೆ? ಮೋಡ ಕಟ್ಟುವ ಮೊದಲೇ ಒಮ್ಮೆ ಹೊರಗೆ ಹೋಗಿ ನೋಡಿ ಬನ್ನಿ.