ಮೈನಸ್ ಒಂದು

ವಿಠ್ಠಲನಿಗೆ ಕಂಪ್ಯೂಟರ್ ಬಂದಷ್ಟು ಬುದ್ಧಿ ಬಂದಿರಲಿಲ್ಲ. ಆಳಂದದ ಟೈಪಿಂಗ್ ಕ್ಲಾಸು 1998ರಲ್ಲಿ ಕಂಪ್ಯೂಟರ್ ಕ್ಲಾಸಾದಾಗ ಅವನನ್ನು ಕೆಲಸಕ್ಕೆ ಹಚ್ಚಿದವರು ಕಲ್ಯಾಣಪ್ಪ ಮಾಸ್ತರರು. ಹಿಂದೆ ಬೆರಳು ಹಿಡಿದು ಟೈಪಿಂಗ್ ಕಲಿಸಿದವರೂ ಅವರೇ. ಈಗ ಮಾಲೀಕ ದೌಲತರಾಯರು ಅಫಜಲಪುರ, ಜೇವರ್ಗಿಯಲ್ಲೂ ಕ್ಲಾಸು ತೆರೆಯುವವರಿದ್ದರು. ಮೂರಕ್ಕೂ ಒಬ್ಬ ಮುಖ್ಯಸ್ಥ ಬೇಕಿತ್ತು. ಆ ಕುರ್ಚಿಯ ಮೇಲೆ ವಿಠ್ಠಲನ ಕಣ್ಣು.

ಪಾಲಕರಿಗೆ ತೋರಿಸಲು ಅವನೊಂದು ಪ್ರೋಗ್ರಾಮ್ ಬರೆದಿದ್ದ. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಂದೇಶ ಕಳಿಸುವಂಥದ್ದು. ಆ ಇನ್ನೊಂದರ ವಿಳಾಸವನ್ನು, ಅಂದರೆ ನಡುವೆ ಚುಕ್ಕೆ ಇಟ್ಟ ನಾಲ್ಕು ಸಂಖ್ಯೆಯ ತುಂಡುಗಳನ್ನು, ಟೈಪ್ ಮಾಡಿದರೆ, ಕೋಡು ಅದನ್ನು ಯಂತ್ರಕ್ಕೆ ಬೇಕಾದ ಒಂದೇ ಸಂಖ್ಯೆಯಾಗಿ ಬದಲಿಸುತ್ತಿತ್ತು. ವಿಳಾಸ ತಪ್ಪಿದ್ದರೆ ಉತ್ತರ ಮೈನಸ್ ಒಂದು. ಅದು ಬಂದರೆ ಅಲ್ಲೇ ನಿಲ್ಲಿಸಬೇಕು. ಯಾಕೆಂದರೆ ಅದನ್ನೇ ವಿಳಾಸವೆಂದು ಓದಿದರೆ ‘ಎಲ್ಲ ಕಂಪ್ಯೂಟರಿಗೂ’ ಎಂದರ್ಥ. ಆ ತಪಾಸಣೆಯನ್ನು ವಿಠ್ಠಲ ಬರೆದೇ ಇರಲಿಲ್ಲ. ನಾನು ತಪ್ಪು ಟೈಪ್ ಮಾಡುತ್ತೇನೆಯೇ ಎಂಬ ಸೊಕ್ಕು.

ಪಾಲಕರು ಬಂದ ದಿನ ದೌಲತರಾಯರು ಮೂಲೆಯ ಕಂಪ್ಯೂಟರಿನ ಮುಂದೆ ಕೂತಿದ್ದರು. ಮಾಸ್ತರರ ಎದುರು ಬಾಯಿಬಿಟ್ಟು ಹೇಳಲಾಗದ್ದನ್ನು ವಿಠ್ಠಲ ಮಾಲೀಕರೊಬ್ಬರಿಗೇ ಬರೆದ, ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ: “ಮಾಸ್ತರರಿಗೆ ಕಂಪ್ಯೂಟರ್ ತಿಳಿಯಂಗಿಲ್ರಿ. ಅವರನ್ನ ಮನಿಗೆ ಕಳಸ್ರಿ.” ಗುರುವಿಗೇ ತಿರುಮಂತ್ರ! ಅವಸರದಲ್ಲಿ ವಿಳಾಸದ ಕೊನೆಯ ತುಂಡಿಗೆ ಮೂವತ್ತರ ಬದಲು ಮುನ್ನೂರು ಬಿತ್ತು. ಅಲ್ಲಿ 255 ದಾಟುವಂತಿಲ್ಲ. ಉತ್ತರ ಮೈನಸ್ ಒಂದು ಬಂತು, ತಡೆಯುವ ತಪಾಸಣೆ ಇರಲಿಲ್ಲ.

ಎಲ್ಲ ಪರದೆಗಳ ಮೇಲೂ ಅದೇ ಸಾಲು ಬಂತು, ಮಾಸ್ತರರ ಪರದೆಯ ಮೇಲೂ. ವಿದ್ಯಾರ್ಥಿನಿ ಶಿವಕಾಂತಾ ಗಟ್ಟಿಯಾಗಿ ಓದುತ್ತ ಹೋಗಿ ನಾಲಿಗೆ ಕಚ್ಚಿಕೊಂಡಳು. ವಿಠ್ಠಲನಿಗೆ ನೆಲ ಬಾಯಿ ಬಿಡಬಾರದೇ ಅನಿಸಿತು.

“ಯಾರ್ ಬರದಾರ ಇದು?” ದೌಲತರಾಯರು ಗದರಿದರು.

ಮಾಸ್ತರರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿಕೊಂಡರು. “ವಿಠ್ಠಲಗ ನಾನೇ ಬರಿ ಅಂದಿದ್ದೆ ಸಾಹುಕಾರ್ರ. ಚ್ಯಾಷ್ಟಿ ಮಾತ್ ಇದ್ರ ಮಂದಿ ಲಕ್ಷ ಕೊಟ್ಟು ಓದ್ತಾರ್ರಿ.”

ಪಾಲಕರು ನಕ್ಕರು. ದೌಲತರಾಯರೂ ನಕ್ಕುಬಿಟ್ಟರು. “ಹುಡುಗ ಶಾಣ್ಯಾ ಇದ್ದಾನ. ಮೂರೂ ಕ್ಲಾಸಿಗೆ ಇವನ್ನೇ ಮಾಡ್ರಿ ಅಂತ ಮಾಸ್ತರರು ನಿನ್ನಿನೇ ಹೇಳ್ಯಾರ. ಆಯ್ತು, ಇವನೇ!”

ಪಾಲಕರ ಚಪ್ಪಾಳೆ ವಿಠ್ಠಲನಿಗೆ ಹೊಡೆತದ ಹಾಗೆ ಕೇಳಿಸಿತು.

ಮಂದಿ ಹೋದ ಮೇಲೆ ಕಾಲಿಗೆ ಬೀಳಲು ಬಾಗಿದ. ಮಾಸ್ತರರು ಕಾಲು ಹಿಂದಕ್ಕೆ ಎಳೆದುಕೊಂಡರು.

“ನಿನ್ನ ಸಲುವಾಗಿ ಸುಳ್ಳು ಹೇಳಿಲ್ಲೋ,” ಎಂದರು. “ಇಂಥಾವಗ ನಾ ಕಲಿಸೇನಿ ಅಂತ ಮಂದಿಗಿ ತಿಳೀಬಾರ್ದಂತ ಹೇಳೇನಿ.”