ಮೂರು ಸಲ ಕೂಗಿದ ಮೇಲೆ

ತರಕಾರಿ ಮಂಡಿಯಲ್ಲಿ ಇಪ್ಪತ್ತೆಂಟು ವರ್ಷ ಹರಾಜು ಕೂಗಿದವನ ಗಂಟಲಿಗೇ ಕತ್ತರಿ ಬಿದ್ದರೆ ಅವನು ಏನು ಮಾಡಬೇಕು? ಹರಾಜಣ್ಣ ಮನೆಯಲ್ಲಿ ಕೂತು ಮೊಬೈಲಿನಲ್ಲಿ ಜನರನ್ನು ಗದರುತ್ತಿದ್ದ.

ಧ್ವನಿಪೆಟ್ಟಿಗೆಯಲ್ಲಿ ಗಡ್ಡೆ ಇದೆ ಎಂದ ಡಾಕ್ಟರು ಪೆಟ್ಟಿಗೆಯನ್ನೇ ತೆಗೆದುಹಾಕಿ, ಉಸಿರಾಡಲು ಕುತ್ತಿಗೆಯ ಬುಡದಲ್ಲಿ ಒಂದು ತೂತು ಬಿಟ್ಟು ಮನೆಗೆ ಕಳಿಸಿದ್ದರು. ಅದಾಗಿ ಎರಡು ವರ್ಷ. ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು ಇಟ್ಟುಕೊಂಡಿದ್ದ ಮನುಷ್ಯ. ಬಾಯಿ ಹೋದ ಮೇಲೆ ಆ ಸಿಟ್ಟೆಲ್ಲ ಬೆರಳಿಗೆ ಇಳಿದಿತ್ತು.

ಇದೇ ಆಪರೇಶನ್ ಆದವರಿಗಾಗಿ ಆಸ್ಪತ್ರೆಯ ನರ್ಸಮ್ಮ ಮೊಬೈಲಿನಲ್ಲಿ ಒಂದು ಗ್ರೂಪ್ ಕಟ್ಟಿದ್ದಳು. ಅರವತ್ತು ಚಿಲ್ಲರೆ ಜನ. ಹೊಸಬರು ಬಂದರೆ ಬರಮಾಡಿಕೊಳ್ಳುವ ಕೆಲಸವನ್ನು ಅವಳು ಹರಾಜಣ್ಣನಿಗೆ ಒಪ್ಪಿಸಿದ್ದಳು. ಹೊಸಬರು ಹೆದರಿ ಬಂದಿರುತ್ತಾರೆ, ಬಾಗಿಲಲ್ಲಿ ಗಟ್ಟಿ ಮನುಷ್ಯ ನಿಂತಿರಬೇಕು ಎಂದಿದ್ದಳು. ಅವನೂ ನಿಯತ್ತಾಗಿ ನಿಂತಿದ್ದ. ಅವನು ಬರೆದಿಟ್ಟುಕೊಂಡಿದ್ದ ಮಾತು ಇಷ್ಟೇ: "ಬನ್ನಿ, ಕೂತ್ಕೊಳ್ಳಿ. ಇಲ್ಲಿರೋರೆಲ್ಲ ನಿಮ್ಮ ಹಾಗೇ ಕೊರಳಲ್ಲಿ ಉಸಿರಾಡೋರು. ನಾಚಿಕೆ ಬೇಡ. ಆಪರೇಶನ್ ಯಾವಾಗ ಆಯ್ತು, ಮನೇಲಿ ಯಾರಿದ್ದಾರೆ, ಈಗ ಏನು ತೊಂದರೆ, ಮೂರನ್ನೂ ಬರೀರಿ." ಒಬ್ಬ ಬಡಗಿ ತಾನು 'ಕೂತ್ಕೊಳ್ಳಿ' ಎಂಬುದನ್ನು ಓದಿಯೇ ಅತ್ತುಬಿಟ್ಟೆ ಎಂದು ಬರೆದಿದ್ದ. ಆ ಸಾಲನ್ನು ಹರಾಜಣ್ಣ ಹೆಂಡತಿಗೆ ನಾಲ್ಕು ಸಲ ತೋರಿಸಿದ್ದ.

ಗ್ರೂಪಿನಲ್ಲಿ ಒಂದೇ ಒಂದು ಕಟ್ಟುನಿಟ್ಟು ಇತ್ತು. ಯಾರೂ ವಾಯ್ಸ್ ಮೆಸೇಜ್ ಹಾಕಬಾರದು. ಧ್ವನಿ ಕಳೆದುಕೊಂಡವರ ಮುಂದೆ ಮನೆಯವರು, ನೆಂಟರು ಬಂದು ಮಾತಾಡಿದರೆ ಕರುಳು ಚುರುಕ್ಕೆನ್ನುತ್ತದೆ ಎಂದು ಹರಾಜಣ್ಣ ಕಾರಣ ಕೊಟ್ಟಿದ್ದ. ಗ್ರೂಪಿನಲ್ಲಿದ್ದ ನಿವೃತ್ತ ಮೇಷ್ಟ್ರೊಬ್ಬರು ಹೌದು ಹೌದು ಎಂದು ಬರೆದಿದ್ದರು. ನಿಜವಾದ ಕಾರಣ ಅವನ ಬೀರುವಿನ ಮೇಲಿನ ಅರೆಯಲ್ಲಿ, ಉಣ್ಣೆಯ ಟೋಪಿಯೊಳಗೆ ಸುತ್ತಿಟ್ಟಿತ್ತು.

ಅದೊಂದು ಯಂತ್ರ. ನೋಡಲು ಸಣ್ಣ ಟಾರ್ಚಿನ ಹಾಗೆ. ಗಂಟಲಿಗೆ ಒತ್ತಿ ಹಿಡಿದು ಬಾಯಾಡಿಸಿದರೆ ಗುಂಯ್‌ಗುಡುತ್ತ ಮಾತು ಬರುತ್ತದೆ. ಆಪರೇಶನ್ ಆಗಿ ಮೂರು ತಿಂಗಳಿಗೆ ಅದನ್ನು ಹಿಡಿದುಕೊಂಡು ಅವನು ಮಂಡಿಗೆ ಹೋಗಿದ್ದ. ಟೊಮೆಟೊ ಕ್ರೇಟುಗಳ ಮುಂದೆ ನಿಂತು, ಹಳೆಯ ಗತ್ತಿನಲ್ಲೇ "ಒಂದನೇ ಸಲ" ಎಂದ. ಹಮಾಲಿಗಳ ಗುಂಪಿನಲ್ಲಿ ಯಾರೋ, "ಲೋ, ಜೀರುಂಡೆ ಹರಾಜು ಕೂಗ್ತೈತೆ" ಎಂದರು. ಇಡೀ ಮಂಡಿ ನಕ್ಕಿತು. ಎರಡನೇ ಸಲ ಎನ್ನಲು ಅವನು ನಿಲ್ಲಲಿಲ್ಲ. ಬಾಯಿದ್ದವನು ಬರಗಾಲದಲ್ಲೂ ಬದುಕುತ್ತಾನೆ ಅಂತಾರೆ. ಹರಾಜಣ್ಣ ಅವತ್ತಿನಿಂದ ಬಾಯಿ ಕಟ್ಟಿಕೊಂಡೇ ಬದುಕಿದ.

ಮನೆಯಲ್ಲಿ ಮಾತಿಗೆ ಒಂದು ಸ್ಲೇಟು, ಒಂದು ಸ್ಟೀಲ್ ಲೋಟ. ಲೋಟಕ್ಕೆ ಬೆರಳಿನ ಉಂಗುರದಿಂದ ಒಂದು ಸಲ ಕುಟ್ಟಿದರೆ ಏನೋ ಬೇಕು ಎಂದರ್ಥ. ಎರಡು ಸಲ ಕುಟ್ಟಿದರೆ ಇಲ್ಲಿ ಬಾ. ಮೂರು ಸಲ ಕುಟ್ಟಿದರೆ ಉಸಿರು ಕಟ್ಟುತ್ತಿದೆ, ಇದ್ದಲ್ಲಿಂದ ಓಡಿ ಬಾ. ಮೂರರ ಸದ್ದು ಕೇಳಿ ಎಷ್ಟೋ ದಿನವಾಗಿತ್ತು. ಆದರೂ ಪಾತ್ರೆ ತಿಕ್ಕುವಾಗ ಹೆಂಡತಿಯ ಒಂದು ಕಿವಿ ಅತ್ತಲೇ ಇರುತ್ತಿತ್ತು.

ಒಂದು ಬೆಳಿಗ್ಗೆ ಗ್ರೂಪಿಗೆ ಹೊಸ ನಂಬರ್ ಬಂತು. ಹೆಸರಿಲ್ಲ, ಫೋಟೊ ಇಲ್ಲ. ಹರಾಜಣ್ಣ ಎಂದಿನಂತೆ ತನ್ನ ಸ್ವಾಗತ ಕಳಿಸಿದ. ಉತ್ತರವಾಗಿ ಬಂದದ್ದು ಒಂದು ವಾಯ್ಸ್ ಮೆಸೇಜು. ಒತ್ತಿದ. ಮೊದಲು ಮಾತೇ ಇಲ್ಲ, ಬರೀ ಬುಸ್ಸೆನ್ನುವ ಸದ್ದು. ಎರಡೇ ಕ್ಷಣಕ್ಕೆ ನಿಲ್ಲಿಸಿ, ಇಲ್ಲಿ ವಾಯ್ಸ್ ಹಾಕುವಂತಿಲ್ಲ, ಬರೆಯಿರಿ ಎಂದು ಬರೆದ. ಇನ್ನೊಂದು ಬಂತು. ಕೇಳಲೂ ಇಲ್ಲ, ಇದು ಎರಡನೇ ಸಲ ಹೇಳುತ್ತಿದ್ದೇನೆ ಎಂದ. ಮತ್ತೊಂದು ಬಂತು. ಯಾರೋ ಪುಂಡರು ಮೂಗರ ಗುಂಪಿಗೆ ನುಗ್ಗಿ ಮೌನವನ್ನೇ ರೆಕಾರ್ಡ್ ಮಾಡಿ ಅಣಕಿಸುತ್ತಿದ್ದಾರೆ ಎಂದು ಅವನ ತಲೆ ಕಾದ ಕಾವಲಿಯಾಯಿತು. ಮೂರನೇ ಸಲ ಎಂದು ಬರೆದು, ಆ ನಂಬರನ್ನು ಗ್ರೂಪಿನಿಂದ ತೆಗೆದುಹಾಕಿದ. ಮಂಡಿಯ ಕಾನೂನೇ ಅದು. ಮೂರು ಸಲ ಕೂಗಿದ ಮೇಲೆ ಮಾತು ಮುಗಿಯಿತು.

ಮೇಷ್ಟ್ರು ಸರಿಯಾಗಿ ಮಾಡಿದಿರಿ ಎಂದು ಬರೆದರು. ಹರಾಜಣ್ಣ ಗೆದ್ದವನ ಹಾಗೆ, ಆ ಮೆಸೇಜುಗಳನ್ನು ಹೆಂಡತಿಗೆ ಕೇಳಿಸಲು ಕೊನೆಯದನ್ನು ಒತ್ತಿ ಫೋನನ್ನು ಅವಳತ್ತ ಹಿಡಿದ. ಅವಳು ಅಡುಗೆಮನೆಯ ಬಾಗಿಲಲ್ಲಿ ಒದ್ದೆ ಕೈಯಲ್ಲಿ ನಿಂತು ಕೇಳಿದಳು. ಬುಸ್ಸೆಂದಿತು. ಒಂದು ಒದ್ದೆ ಕೆಮ್ಮು. ಆಮೇಲೆ ಪಾತ್ರೆಯ ಮೇಲೆ ಸೌಟಿನ ಸದ್ದು. ಟಣ್. ಟಣ್. ಟಣ್.

ಅವಳ ಮುಖ ಬಿಳಿಚಿತು. ಕೈ ಒರೆಸಿಕೊಳ್ಳದೇ ಬಂದು ಅವನ ಕುತ್ತಿಗೆಯ ಬಟ್ಟೆ ಸರಿಸಿ ನೋಡಿದಳು. ಅವನು ಸರಿಯಾಗಿಯೇ ಉಸಿರಾಡುತ್ತಿದ್ದ. ಆಗ ಅವಳಿಗೆ ಸದ್ದು ಎಲ್ಲಿಂದ ಬಂದದ್ದು ಎಂಬುದು ಹೊಳೆಯಿತು.

"ರೀ, ಇದು ಅಣಕ ಅಲ್ಲ. ನಿಮ್ಮ ಹಾಗೇ ಕುಟ್ತಿದ್ದಾರೆ. ಆ ಕೆಮ್ಮು ಕೇಳಿ, ಬಾಯಿಂದ ಬಂದ ಕೆಮ್ಮಾ ಅದು?"

ಅಲ್ಲ. ಕೊರಳಿನ ಕೆಮ್ಮು. ಅದನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಹರಾಜಣ್ಣ ಸ್ಲೇಟು ಎಳೆದುಕೊಂಡು, ಹಾಗಾದರೆ ಬರೆಯೋಕೇನು ರೋಗ ಎಂದು ಗೀಚಿದ.

"ಓದು ಬರಹ ಬರೋರು ಯಾಕ್ರೀ ಸೌಟು ಹಿಡೀತಾರೆ?" ಎಂದಳು ಹೆಂಡತಿ.

ಅವನು ಸ್ಲೇಟನ್ನು ಮೆಲ್ಲನೆ ಕೆಳಗಿಟ್ಟ. ಬಾಯಿಲ್ಲದವಳೊಬ್ಬಳೋ ಒಬ್ಬನೋ ಬಾಗಿಲು ತಟ್ಟಿ ನಿಂತಿದ್ದರೆ, ಅವನು ಓದಲು ಬಾರದವರಿಗೆ ಓಲೆ ಬರೆದು, ಮೂರು ಸಲ ಕೂಗಿ, ಕದ ಹಾಕಿಕೊಂಡಿದ್ದ. ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬರುವುದಿಲ್ಲ ಎಂದು ಅವನ ಅಮ್ಮ ಚಿಕ್ಕಂದಿನಲ್ಲಿ ಸಾವಿರ ಸಲ ಹೇಳಿದ್ದಳು.

ನರ್ಸಮ್ಮನಿಗೆ ಫೋನು ಮಾಡಲು ಹೆಂಡತಿಗೆ ಸನ್ನೆ ಮಾಡಿದ. ಅವಳು ಆಪರೇಶನ್ ಕೋಣೆಯಲ್ಲಿದ್ದಾಳೆ, ಮಧ್ಯಾಹ್ನದ ತನಕ ಸಿಗುವುದಿಲ್ಲ ಎಂದರು ಆಸ್ಪತ್ರೆಯವರು. ಮೂರು ಬಡಿತ. ಅವನ ಮನೆಯ ಅರ್ಥವೇ ಆ ಮನೆಯಲ್ಲೂ ಇದ್ದರೆ? ಅವನು ಆ ನಂಬರಿಗೆ ಫೋನು ಹಚ್ಚಿದ. ಆ ಕಡೆಯವರು ಎತ್ತಿದರು. ಅತ್ತ ಬುಸ್, ಇತ್ತ ಬುಸ್. ಹೆಂಡತಿ, "ನಾನು ಮಾತಾಡ್ತೀನಿ ಕೊಡಿ" ಎಂದು ಕೈ ಚಾಚಿದಳು. ಮಾತನ್ನು ಅವಳಿಗೇ ಬಿಡಬಹುದಿತ್ತು. ಅವನು ಬಿಡಲಿಲ್ಲ. ಬಾಗಿಲು ಹಾಕಿದ್ದು ತಾನು, ತೆಗೆಯಬೇಕಾದ್ದೂ ತಾನೇ. ತಾನು ಬರುವ ತನಕ ಹಿಡಿದಿರು ಎಂದು ಸನ್ನೆ ಮಾಡಿ ಫೋನನ್ನು ಅವಳ ಕೈಗಿತ್ತು, ಬೀರುವಿನ ಮುಂದೆ ಸ್ಟೂಲು ಹಾಕಿದ. ಟೋಪಿಯೊಳಗಿನ ಯಂತ್ರ ತೆಗೆದು ಒತ್ತಿದರೆ ಸದ್ದಿಲ್ಲ. ಬ್ಯಾಟರಿ ಸತ್ತಿತ್ತು. ಗೋಡೆಯ ಪ್ಲಗ್ಗಿಗೆ ಚುಚ್ಚಿ ಅಲ್ಲೇ ಕುಕ್ಕುರುಗಾಲಲ್ಲಿ ಕೂತ. ಅಷ್ಟು ಹೊತ್ತೂ ಹೆಂಡತಿ ಫೋನಿನಲ್ಲಿ, ಹೆದರ್ಕೋಬೇಡಿ, ಇವರು ಯಂತ್ರ ಜೋಡಿಸ್ತಿದ್ದಾರೆ, ಒಂದು ಗಳಿಗೆ ಎಂದು ಮಗುವನ್ನು ತಟ್ಟುವ ಹಾಗೆ ಹೇಳುತ್ತಲೇ ಇದ್ದಳು. ಹೆಂಗಸಾದ್ರೆ ಒಂದು ಸಲ ಕುಟ್ಟಿ ಎಂದು ಕೇಳಿ, ಆ ಕಡೆಯವರು ಹೆಂಗಸು ಎಂಬುದನ್ನೂ ಸೌಟಿನ ಸದ್ದಿನಿಂದಲೇ ತಿಳಿದುಕೊಂಡಳು.

ಹತ್ತು ನಿಮಿಷಕ್ಕೆ ಯಂತ್ರ ಗುಂಯ್ ಎಂದಿತು. ಹರಾಜಣ್ಣ ಅದನ್ನು ಗಂಟಲಿಗೆ ಒತ್ತಿದ.

"ತಂಗಿ. ಹೌದಾದ್ರೆ ಎರಡು ಸಲ ಕುಟ್ಟು. ಇಲ್ಲಾಂದ್ರೆ ಒಂದು ಸಲ. ಈಗ ಉಸಿರು ಕಟ್ತಿದೆಯಾ?"

ತನ್ನ ಜೀರುಂಡೆ ದನಿಗೆ ಅವಳು ನಗುತ್ತಿದ್ದಾಳೋ ಎಂದುಕೊಂಡ. ಆಮೇಲೆ ಒಂದು ಟಣ್. ಹೆಂಡತಿ ಎದೆಯ ಮೇಲೆ ಕೈಯಿಟ್ಟುಕೊಂಡು ಅಲ್ಲೇ ನೆಲದ ಮೇಲೆ ಕೂತಳು.

ಒಂದೊಂದಾಗಿ ಕೇಳಿದ. ಮನೆಗೆ ಬಂದು ವಾರವಾಗಿಲ್ಲ. ಹಗಲು ಒಬ್ಬಳೇ. ತೂತಿನ ಸುತ್ತ ಒಣಗಿ ಹಕ್ಕಳೆ ಕಟ್ಟಿದೆ, ರಕ್ತ ಬಂದಿಲ್ಲ. ನರ್ಸಮ್ಮ ಕೊಟ್ಟ ಉಪ್ಪುನೀರಿನ ಸೀಸೆ ಇದೆ, ಮುಟ್ಟಲು ಹೆದರಿಕೆ. ಅವನು ತನ್ನ ಮೊದಲ ವಾರವನ್ನು ಹೇಳಿದ. ತೆಳು ಬಟ್ಟೆಯನ್ನು ಒದ್ದೆ ಮಾಡಿ ಹಿಂಡಿ ಕೊರಳಿಗೆ ಕಟ್ಟಿಕೊ, ಗಾಳಿ ಹಸಿಯಾಗುತ್ತೆ. ಸೀಸೆಯ ಹನಿಯನ್ನು ನರ್ಸಮ್ಮ ಹೇಳಿದಷ್ಟೇ ಹಾಕು. ರಕ್ತ ಬಂದರೆ, ಉಸಿರು ಕಟ್ಟಿದರೆ ಮಾತ್ರ ಯಾರನ್ನೂ ಕಾಯಬೇಡ, ಆಸ್ಪತ್ರೆಗೆ ಓಡು ಎಂದ. ಆಮೇಲೆ ತನ್ನನ್ನು ಯಾರೂ ಕೇಳದೇ ಇದ್ದದ್ದನ್ನು ಕೇಳಿದ.

"ಮಲಗೋಕೆ ಭಯ ಆಗುತ್ತಾ?"

ಟಣ್, ಟಣ್. ಇಷ್ಟು ಬೇಗ ಬಂದ ಉತ್ತರ ಅದೊಂದೇ.

"ನನಗೂ ಆಗ್ತಿತ್ತು. ಎರಡು ತಿಂಗಳು ಕುರ್ಚೀಲೇ ಕೂತಿದ್ದೆ. ಹೋಗುತ್ತೆ ಅದು. ಇನ್ನೊಂದು ಮಾತು. ನಿನ್ನನ್ನ ಗ್ರೂಪಿಂದ ತೆಗೆದುಹಾಕಿದ್ದು ನಾನೇ. ತಪ್ಪಾಯ್ತು. ನನ್ನ ಮೇಲೆ ಸಿಟ್ಟಿದೆಯಾ?"

ಟಣ್, ಟಣ್. ಎರಡನೆಯದು ಪಾತ್ರೆ ನೆಗ್ಗುವಷ್ಟು ಜೋರಾಗಿತ್ತು.

ಹರಾಜಣ್ಣನ ಭುಜ ಕುಲುಕಿತು. ಅವನ ನಗುವಿಗೆ ಈಗ ಸದ್ದಿಲ್ಲ. "ಇರ್ಲಿ ಬಿಡು. ಸಿಟ್ಟಿದ್ರೆ ಬದುಕ್ತೀಯ" ಎಂದ.

ಫೋನು ಇಟ್ಟ ಮೇಲೆ ಹೆಂಡತಿ ಅವನನ್ನೇ ನೋಡುತ್ತಿದ್ದಳು. ಅವನು ಏನು ಎಂದು ಹುಬ್ಬು ಹಾರಿಸಿದ.

"ಜೀರುಂಡೆ ಹಾಗೇ ಇದೆ ರೀ," ಎಂದಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ಆದ್ರೆ ಗದರೋ ಗತ್ತು ಮಾತ್ರ ನಿಮ್ಮದೇ."

ಅವನು ಆ ಹೆಂಗಸನ್ನು ಗ್ರೂಪಿಗೆ ಮರಳಿ ಸೇರಿಸಿ, ಯಂತ್ರವನ್ನು ಗಂಟಲಿಗೆ ಒತ್ತಿ, ಅರವತ್ತು ಚಿಲ್ಲರೆ ಜನ ಕೇಳುವಂತೆ ತನ್ನ ಸ್ವಾಗತವನ್ನು ಮೊದಲಿನಿಂದ ಹೇಳಿದ. ಬನ್ನಿ, ಕೂತ್ಕೊಳ್ಳಿ. ಕೊನೆಯ ಸಾಲು ಮಾತ್ರ ಬದಲಾಗಿತ್ತು: ಬರೆಯೋಕೆ ಬರೋರು ಬರೀರಿ, ಬಾರದೋರು ಕುಟ್ಟಿ, ಹೌದಕ್ಕೆ ಎರಡು, ಇಲ್ಲಕ್ಕೆ ಒಂದು. ಕಟ್ಟುನಿಟ್ಟು ಮಾಡಿದವರೇ ಮುರಿದರೆ ಹೇಗೆ ಎಂದು ಮೇಷ್ಟ್ರು ಕೂಡಲೇ ಬರೆದರು. ಮುರಿದದ್ದು ಹೌದು, ನನ್ನ ಕಿವಿ ಕೆಟ್ಟಿತ್ತು ಎಂದು ಹರಾಜಣ್ಣ ಉತ್ತರಿಸಿದ. ಅವರು ಎರಡು ದಿನ ಮುನಿಸಿಕೊಂಡಿದ್ದು, ಮೂರನೆಯ ದಿನ ಒಂದು ವಾಯ್ಸ್ ಮೆಸೇಜು ಹಾಕಿದರು. ಮೇಜಿನ ಮೇಲೆ ಬೆತ್ತದ ಸದ್ದು, ಎರಡು ಸಲ.

ಫೋನು ಮಾಡಿದ ದಿನವೇ ಸಂಜೆ ಆ ಹೆಂಗಸಿನ ಮಗ ಕೆಲಸದಿಂದ ಬಂದು ಬರೆದಿದ್ದ. ಅಮ್ಮ ಹಾಸ್ಟೆಲಿನಲ್ಲಿ ಅಡುಗೆ ಮಾಡುವವಳು, ಅಕ್ಷರ ಬಾರದು, ಮೈಕಿನ ಗುಂಡಿ ಒತ್ತುವುದನ್ನು ಮಾತ್ರ ತಾನು ಕಲಿಸಿ ಹೋಗಿದ್ದೆ ಎಂದ. ಮೂರು ಬಡಿತ ಯಾಕೆ ಎಂದು ಹರಾಜಣ್ಣ ಕೇಳಿದ. ಹಾಸ್ಟೆಲಿನಲ್ಲಿ ಊಟ ತಯಾರಾದಾಗ ಅಮ್ಮ ಹಂಡೆಗೆ ಸೌಟಿನಿಂದ ಮೂರು ಸಲ ಬಡಿಯುತ್ತಿದ್ದಳಂತೆ. ಎಲ್ಲರೂ ಬನ್ನಿ ಎಂದು ಕರೆಯಲು ಅವಳಿಗೆ ಗೊತ್ತಿದ್ದದ್ದು ಅದೊಂದೇ.

ಹರಾಜಣ್ಣ ಅದನ್ನು ಎರಡು ಸಲ ಓದಿದ. ಆಮೇಲೆ ಯಂತ್ರದ ಚಾರ್ಜರನ್ನು ಬೀರುವಿನ ಪಕ್ಕದ ಪ್ಲಗ್ಗಿನಿಂದ ಕಿತ್ತು ತಂದು, ಊಟದ ಮೇಜಿನ ಪಕ್ಕದ ಪ್ಲಗ್ಗಿಗೆ ಹಾಕಿ, ಅಲ್ಲೇ ಬಿಟ್ಟ.